ಅಪ್ಪನ ಪುಟದಿಂದ ಸ್ವಂತ ಹೆಸರಿಗೆ: ಹದಿಹರೆಯದವರ ರಹದಾರಿಯ ಕಥೆ

ಅಮೆರಿಕದ ಮಯಾಮಿ ಬಂದರಿನಿಂದ ವಿಹಾರ ನೌಕೆಯೊಂದು ಬಹಾಮಾಸ್ ದ್ವೀಪಗಳತ್ತ ಹೊರಡಲಿದೆ ಎಂದಿಟ್ಟುಕೊಳ್ಳೋಣ. ತಂದೆ, ತಾಯಿ, 12 ವರ್ಷದ ಮಗ, 16 ತುಂಬಿದ ಮಗಳು ಸಾಲಿನಲ್ಲಿದ್ದಾರೆ. ನಾಲ್ವರೂ ಅಮೆರಿಕದ ಪ್ರಜೆಗಳು. ಅದೇ ಬಂದರಿಗೆ ಮರಳಿ ಬರುವ ಪ್ರಯಾಣವಾದ್ದರಿಂದ ಅಮೆರಿಕದ ಗಡಿ ಅಧಿಕಾರಿಗಳಿಗೆ ಮಗನ ಜನನ ಪ್ರಮಾಣಪತ್ರವನ್ನು ತೋರಿಸಿದರೆ ಸಾಕು. ಮಗಳಿಗೆ ಅದೊಂದೇ ಸಾಲದು. ಸರ್ಕಾರ ಕೊಟ್ಟ, ಭಾವಚಿತ್ರವಿರುವ ಗುರುತಿನ ಚೀಟಿಯೂ ಜೊತೆಗೆ ಬೇಕು. ಒಂದೇ ಮನೆ, ಒಂದೇ ಹಡಗು, ಒಂದೇ ಕ್ಯಾಬಿನ್. ಕಾಗದ ಮಾತ್ರ ಬೇರೆ ಬೇರೆ.

ಮೇಲ್ನೋಟಕ್ಕೆ ಇದು ಕಚೇರಿಯ ಗುಮಾಸ್ತರು ಹೂಡಿದ ಕಿರಿಕಿರಿಯಂತೆ ಕಾಣುತ್ತದೆ. ಆದರೆ ಹದಿಹರೆಯದವರ ಕೈಯಲ್ಲಿ ಯಾವ ಕಾಗದವಿರಬೇಕು ಎಂಬ ಈ ಸಣ್ಣ ಪ್ರಶ್ನೆಯ ಹಿಂದೆ ಒಂದು ಶತಮಾನದ ಚರಿತ್ರೆಯಿದೆ. ಮಗು ಎಂದರೆ ತಂದೆಯ ಪಾಸ್‌ಪೋರ್ಟಿನ ಒಂದು ಸಾಲೇ, ಅಥವಾ ತನ್ನದೇ ಹೆಸರು, ಮುಖ, ಸಹಿ ಇರುವ ವ್ಯಕ್ತಿಯೇ? ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟ ಕಡೆಗಳಲ್ಲಿ ಜನ ತಮ್ಮ ಮನೆ, ಉದ್ಯೋಗಗಳನ್ನಷ್ಟೇ ಅಲ್ಲ, ದೇಶವನ್ನೂ ಕಳೆದುಕೊಂಡಿದ್ದಾರೆ.

ಮುದ್ರಾಧ್ಯಕ್ಷನಿಂದ ಮೊದಲಾಗಿ

ದಾರಿ ಬಿಡಿಸುವ ಕಾಗದ ಹೊಸದೇನಲ್ಲ. ಕನ್ನಡದಲ್ಲಿ ಅದಕ್ಕೆ 'ರಹದಾರಿ' ಎಂಬ ಹಳೆಯ ಹೆಸರೇ ಉಂಟು. ಪಾರ್ಸಿ ಮೂಲದ ಈ ಪದ ಇಂದಿಗೂ ಸಾರಿಗೆ ಇಲಾಖೆಯಲ್ಲಿ ಬಸ್ಸು, ಲಾರಿಗಳ ಪರ್ಮಿಟ್ಟಿನ ಹೆಸರಾಗಿ ಉಳಿದಿದೆ. ಅದಕ್ಕೂ ಹಿಂದೆ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಮುದ್ರಾಧ್ಯಕ್ಷ' ಎಂಬ ಅಧಿಕಾರಿ ಬರುತ್ತಾನೆ. ಒಂದು ಮಾಷಕ ಪಡೆದು ಮುದ್ರೆ ಕೊಡುವುದು ಅವನ ಕೆಲಸ. ಮುದ್ರೆಯುಳ್ಳವನು ಮಾತ್ರ ಜನಪದದ ಒಳಗೆ ಬರಬಹುದು, ಹೊರಗೆ ಹೋಗಬಹುದು. ಇಲ್ಲದೆ ಸಂಚರಿಸಿದ ನಾಡಿಗನಿಗೆ 12 ಪಣ ದಂಡ. ಕಳ್ಳ ಮುದ್ರೆಯಾದರೆ ಇನ್ನೂ ಹೆಚ್ಚು.

ಈ ಗ್ರಂಥ ಆಧುನಿಕ ಜಗತ್ತಿಗೆ ಮತ್ತೆ ದೊರೆತದ್ದು ಮೈಸೂರಿನಲ್ಲಿ. ಅಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದರ ತಾಳೆಗರಿಯನ್ನು ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಶಾಮಶಾಸ್ತ್ರಿಗಳ ಅನುವಾದ ಅಚ್ಚಾದ ಹೊತ್ತಿಗೆ ಯೂರೋಪಿನಲ್ಲಿ ಮಹಾಯುದ್ಧ ನಡೆದಿತ್ತು. ಕೌಟಿಲ್ಯನ ಮುದ್ರಾಧ್ಯಕ್ಷ ಅಲ್ಲಿ ಬೇರೆ ವೇಷದಲ್ಲಿ ಮತ್ತೆ ಅಧಿಕಾರಕ್ಕೆ ಬಂದಿದ್ದ.

ಅದಕ್ಕೆ ಮುಂಚೆ, 19ನೇ ಶತಮಾನದ ಉತ್ತರಾರ್ಧದಲ್ಲಿ, ರೈಲು ಮತ್ತು ಹಬೆಹಡಗುಗಳ ಭರಾಟೆಯಲ್ಲಿ ಪಶ್ಚಿಮ ಯೂರೋಪಿನ ಹೆಚ್ಚಿನ ದೇಶಗಳು ಪಾಸ್‌ಪೋರ್ಟಿನ ಕಡ್ಡಾಯವನ್ನು ಸಡಿಲಿಸಿದ್ದವು. ರಷ್ಯಾ, ತುರ್ಕಿಯಂಥ ಸಾಮ್ರಾಜ್ಯಗಳಲ್ಲಿ ಮಾತ್ರ ಅದು ಬಿಗಿಯಾಗಿ ಉಳಿದಿತ್ತು. 1914ರಲ್ಲಿ ಯುದ್ಧ ಆರಂಭವಾದಾಗ ಗೂಢಚಾರರ ಭಯದಿಂದ ಗಡಿಗಳು ಮುಚ್ಚಿಕೊಂಡವು. ಬ್ರಿಟನ್ 1915ರಲ್ಲಿ ತಂದ ಪಾಸ್‌ಪೋರ್ಟ್, ಎಂಟು ಮಡಿಕೆಯ ಒಂದೇ ಹಾಳೆ. ಅದರಲ್ಲಿ ಭಾವಚಿತ್ರ, ಸಹಿಯ ಜೊತೆಗೆ ಮುಖದ ಆಕಾರ, ಮೈಬಣ್ಣಗಳ ವಿವರವನ್ನೂ ಬರೆಯಬೇಕಿತ್ತು. ತಾತ್ಕಾಲಿಕ ಎಂದುಕೊಂಡ ಈ ವ್ಯವಸ್ಥೆ ಯುದ್ಧ ಮುಗಿದರೂ ಹೋಗಲಿಲ್ಲ.

ಒಂದು ಪುಸ್ತಕದಲ್ಲಿ ಒಂದು ಸಂಸಾರ

1920ರ ಅಕ್ಟೋಬರಿನಲ್ಲಿ ರಾಷ್ಟ್ರಸಂಘ ಪ್ಯಾರಿಸ್ಸಿನಲ್ಲಿ ಒಂದು ಸಮ್ಮೇಳನ ಕರೆಯಿತು. ಎಲ್ಲ ದೇಶಗಳ ಪಾಸ್‌ಪೋರ್ಟುಗಳೂ ಒಂದೇ ಬಗೆಯಲ್ಲಿರಲಿ, 32 ಪುಟಗಳ ಪುಸ್ತಕವಾಗಿರಲಿ, ಎರಡು ಭಾಷೆಗಳಲ್ಲಾದರೂ ಇರಲಿ ಎಂಬ ಶಿಫಾರಸು ಅಲ್ಲಿ ಆಯಿತು. ಇಂದಿಗೂ ನಮ್ಮ ಜೇಬಿನಲ್ಲಿರುವ ಪಾಸ್‌ಪೋರ್ಟಿನ ರೂಪಕ್ಕೆ ಆ ಸಮ್ಮೇಳನವೇ ಮೂಲ. ಆ ಮಾದರಿಯಲ್ಲಿ ಗಂಡಸಿನ ಹೆಸರಿನ ಜೊತೆಗೆ ಹೆಂಡತಿಗೆ ಮತ್ತು ಮಕ್ಕಳಿಗೆ ಜಾಗ ಬಿಡಲಾಗಿತ್ತು. ಪಾಸ್‌ಪೋರ್ಟ್ ಎಂದರೆ ವ್ಯಕ್ತಿಯ ಗುರುತು ಎನ್ನುವುದಕ್ಕಿಂತ ಯಜಮಾನನ ಗುರುತು ಎಂಬ ಭಾವನೆಯೇ ಆಗ ಇದ್ದದ್ದು. ನಮ್ಮಲ್ಲಿ ಪಡಿತರ ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥನ ಹೆಸರಿನ ಕೆಳಗೆ ಉಳಿದವರ ಹೆಸರು ಸಾಲಾಗಿ ಬರುವಂತೆ ಅಲ್ಲಿಯೂ ಬರುತ್ತಿತ್ತು.

ಈ ಏರ್ಪಾಟಿನಿಂದ ಮೊದಲು ಹೊರಗೆ ಬಂದವರು ಹೆಂಡತಿಯರು. ಮದುವೆಯಾದ ಮೇಲೆಯೂ ತನ್ನ ಹುಟ್ಟು ಹೆಸರಿನಲ್ಲೇ ಪಾಸ್‌ಪೋರ್ಟ್ ಬೇಕೆಂದು ಹಟ ಹಿಡಿದ ಡೋರಿಸ್ ಫ್ಲೈಶ್‌ಮನ್ ಎಂಬಾಕೆಗೆ ಅಮೆರಿಕ ಸರ್ಕಾರ 1925ರಲ್ಲಿ ಅದನ್ನು ಕೊಡಬೇಕಾಯಿತು. ಮಕ್ಕಳ ಸರದಿ ಬರಲು ಮಾತ್ರ ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅದಕ್ಕೆ ಕಾರಣವೂ ಸರಳ. ಮಗುವಿನ ಮುಖ ವರ್ಷ ವರ್ಷಕ್ಕೂ ಬದಲಾಗುತ್ತದೆ. ಅದಕ್ಕೆ ಸಹಿ ಬರುವುದಿಲ್ಲ. ಅದು ಒಂಟಿಯಾಗಿ ಪ್ರಯಾಣ ಮಾಡುವುದೂ ಇಲ್ಲ. ಬೇರೆ ಪುಸ್ತಕವೆಂದರೆ ಬೇರೆ ಖರ್ಚು. ಹೀಗೆಂದು ಸರ್ಕಾರವೂ ತೃಪ್ತಿಪಟ್ಟಿತು, ತಂದೆ ತಾಯಿಗಳೂ ತೃಪ್ತಿಪಟ್ಟರು.

ಮಗು ಒಂಟಿಯಾಗಿ ಪ್ರಯಾಣ ಮಾಡಲೇಬೇಕಾದ ಗಳಿಗೆ ಬಂದಾಗ ಈ ತೃಪ್ತಿ ಒಡೆಯಿತು. 1938ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಯಹೂದಿಗಳ ಮೇಲೆ ಹಿಂಸಾಚಾರ ನಡೆದ ಬಳಿಕ, 17 ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳಲು ಬ್ರಿಟನ್ ಒಪ್ಪಿತು. ತಂದೆ ತಾಯಿಗಳಿಗೆ ಆ ಅವಕಾಶವಿರಲಿಲ್ಲ. ಡಿಸೆಂಬರ್ 2ರಂದು ಮೊದಲ ತಂಡದ ಸುಮಾರು 200 ಮಕ್ಕಳು ಹಡಗಿನಲ್ಲಿ ಹಾರ್ವಿಚ್ ಬಂದರಿಗೆ ಬಂದಿಳಿದರು. ಯುದ್ಧ ಶುರುವಾಗುವ ತನಕ ಹೀಗೆ ಬಂದವರು ಸುಮಾರು 10,000 ಮಂದಿ. ಅವರಿಗೆ ಪಾಸ್‌ಪೋರ್ಟ್, ವೀಸಾ ಕೇಳಲಿಲ್ಲ. ಹೆಸರು, ಹುಟ್ಟಿದ ದಿನ, ಭಾವಚಿತ್ರವಿರುವ ಒಂದು ವಿಶೇಷ ಗುರುತಿನ ಪತ್ರ ಕೊಟ್ಟರು. ಬಹುಪಾಲು ಮಕ್ಕಳು ತಮ್ಮ ತಂದೆ ತಾಯಿಗಳನ್ನು ಮತ್ತೆ ನೋಡಲಿಲ್ಲ. 'ಮಗು ತಾನೇ, ಜೊತೆಗೆ ದೊಡ್ಡವರಿದ್ದಾರಲ್ಲ' ಎಂಬ ಮಾತು ಎಲ್ಲ ಕಾಲಕ್ಕೂ ನಿಲ್ಲುವ ಮಾತಲ್ಲ ಎಂಬುದಕ್ಕೆ ಆ ಪತ್ರವೇ ಸಾಕ್ಷಿ.

ಹಡಗಿನಲ್ಲಿ ಬಂದ ಮಕ್ಕಳ ಪಾಡು

ತಂದೆಯ ಪುಸ್ತಕದಲ್ಲಿ ಮಗುವಿನ ಹೆಸರು ಬರೆಯುವ ಪದ್ಧತಿಯ ಅಪಾಯ ಪೂರ್ತಿಯಾಗಿ ಬಯಲಾದದ್ದು ಇನ್ನೂ 80 ವರ್ಷ ಕಳೆದ ಮೇಲೆ. 1948ರ ಜೂನ್ 22ರಂದು 'ಎಂಪೈರ್ ವಿಂಡ್‌ರಷ್' ಎಂಬ ಹಡಗು ಕೆರಿಬಿಯನ್ ದ್ವೀಪಗಳಿಂದ ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತು ಲಂಡನ್ ಸಮೀಪದ ಟಿಲ್‌ಬರಿ ಬಂದರಿಗೆ ಬಂದಿತು. ಯುದ್ಧದಿಂದ ಜರ್ಝರಿತವಾಗಿದ್ದ ಬ್ರಿಟನ್ನಿಗೆ ದುಡಿಯುವ ಕೈಗಳು ಬೇಕಾಗಿದ್ದವು. ಅಂದಿನ ಕಾನೂನಿನ ಪ್ರಕಾರ ವಸಾಹತುಗಳ ಜನ ಬ್ರಿಟನ್ನಿನ ಪ್ರಜೆಗಳೇ. ಮುಂದಿನ ಎರಡು ದಶಕಗಳಲ್ಲಿ ಜಮೈಕ, ಟ್ರಿನಿಡಾಡ್, ಬಾರ್ಬಡೋಸ್‌ಗಳಿಂದ ಸಹಸ್ರಾರು ಸಂಸಾರಗಳು ಹೀಗೆ ಬಂದವು. ಎಷ್ಟೋ ಮಕ್ಕಳು ತಂದೆ ತಾಯಿಗಳ ಪಾಸ್‌ಪೋರ್ಟಿನಲ್ಲಿ ಬಂದರು. ಅವರ ಕೈಗೆ ಸ್ವಂತದ ಕಾಗದ ಎಂದೂ ಸೇರಲಿಲ್ಲ.

ಹಾಗೆ ಬಂದವರಿಗೆ ತೊಂದರೆಯೇನೂ ಆಗಬೇಕಿರಲಿಲ್ಲ. 1973ರ ಜನವರಿ 1ರಂದು ಜಾರಿಗೆ ಬಂದ ವಲಸೆ ಕಾಯಿದೆ, ಆ ಹೊತ್ತಿಗೆ ಬ್ರಿಟನ್ನಿನಲ್ಲಿ ನೆಲೆಸಿದ್ದ ಕಾಮನ್‌ವೆಲ್ತ್ ಜನರಿಗೆ ಅಲ್ಲೇ ಉಳಿಯುವ ಹಕ್ಕು ಕೊಟ್ಟಿತ್ತು. ಆದರೆ ಹಕ್ಕು ಕೊಟ್ಟ ಸರ್ಕಾರ ಅದಕ್ಕೊಂದು ಚೀಟಿ ಕೊಡಲಿಲ್ಲ, ಪಟ್ಟಿಯನ್ನೂ ಇಟ್ಟುಕೊಳ್ಳಲಿಲ್ಲ. ಮಕ್ಕಳು ಅಲ್ಲೇ ಓದಿದರು, ದುಡಿದರು, ತೆರಿಗೆ ಕಟ್ಟಿದರು, ಮೊಮ್ಮಕ್ಕಳನ್ನು ಕಂಡರು.

2012ರ ನಂತರ ಬ್ರಿಟನ್ ಅಕ್ರಮ ವಲಸಿಗರ ವಿರುದ್ಧ ನಿಯಮಗಳನ್ನು ಬಿಗಿಗೊಳಿಸಿತು. 2014 ಮತ್ತು 2016ರ ಕಾಯಿದೆಗಳು ಬಂದವು. ಮನೆ ಬಾಡಿಗೆಗೆ, ಕೆಲಸಕ್ಕೆ, ಬ್ಯಾಂಕ್ ಖಾತೆಗೆ, ಆಸ್ಪತ್ರೆಗೆ, ಎಲ್ಲಕ್ಕೂ ಕಾಗದ ಕೇಳತೊಡಗಿದರು. ಐವತ್ತು ವರ್ಷಗಳ ಹಿಂದೆ ಅಮ್ಮನ ಪಾಸ್‌ಪೋರ್ಟಿನಲ್ಲಿ ಬಂದವರು ತಾವು ಬಂದ ದಿನವನ್ನು ಯಾವುದರಿಂದ ರುಜುವಾತು ಮಾಡಬೇಕು? ಬಂದರಿನಲ್ಲಿ ತುಂಬಿಸಿಕೊಂಡ ಹಳೆಯ ಕಾರ್ಡುಗಳಿದ್ದವು. ಅವನ್ನು ಗೃಹ ಇಲಾಖೆ 2010ರಲ್ಲಿ ನಾಶ ಮಾಡಿತ್ತು. ಕೆಲಸ ಹೋಯಿತು, ಚಿಕಿತ್ಸೆ ನಿಂತಿತು, ಕೆಲವರನ್ನು ಬಂಧನದಲ್ಲಿಟ್ಟರು. ಬಾಲ್ಯದಲ್ಲಿ ಬಿಟ್ಟುಬಂದು ನೆನಪೂ ಮಾಸಿದ್ದ ದ್ವೀಪಗಳಿಗೆ ಕನಿಷ್ಠ 83 ಮಂದಿಯನ್ನು ತಪ್ಪಾಗಿ ಗಡೀಪಾರು ಮಾಡಲಾಗಿತ್ತು. 2018ರ ಏಪ್ರಿಲಿನಲ್ಲಿ ಪ್ರಧಾನಿ ಥೆರೆಸಾ ಮೇ ಕ್ಷಮೆ ಕೇಳಿದರು, ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. 2019ರಲ್ಲಿ ಪರಿಹಾರ ಯೋಜನೆ ಬಂದಿತು. ಕಳೆದುಹೋದ ವರ್ಷಗಳಿಗೆ ಪರಿಹಾರ ಎಲ್ಲಿಂದ ಬರಬೇಕು?

ಮಗುವಿಗೆ ಕಾಗದ ಮಾಡಿಸುವುದು ಆ ಒಂದು ಪ್ರಯಾಣಕ್ಕಾಗಿ ಮಾತ್ರವಲ್ಲ ಎಂಬ ಪಾಠವನ್ನು ವಿಂಡ್‌ರಷ್ ಪೀಳಿಗೆ ಬಹಳ ದುಬಾರಿ ಬೆಲೆ ತೆತ್ತು ಕಲಿಸಿದೆ.

ಒಬ್ಬರಿಗೊಂದು ಪುಸ್ತಕ

ಮಕ್ಕಳಿಗೆ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು ಎಂಬ ನಿಯಮ ಬಂದದ್ದು ಎರಡು ದಿಕ್ಕುಗಳಿಂದ. ಒಂದು, ಒಡೆದ ಸಂಸಾರಗಳು. ದಂಪತಿಗಳು ಬೇರೆಯಾದಾಗ ಒಬ್ಬರು ಇನ್ನೊಬ್ಬರಿಗೆ ಹೇಳದೆ ಮಗುವನ್ನು ಗಡಿ ದಾಟಿಸಿಕೊಂಡು ಹೋಗುವ ಪ್ರಕರಣಗಳು ಹೆಚ್ಚಿದವು. ಇದನ್ನು ಎದುರಿಸಲು 1980ರ ಅಕ್ಟೋಬರ್ 25ರಂದು ಹೇಗ್ ನಗರದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು. ಅದು ಅನ್ವಯಿಸುವುದು 16 ತುಂಬುವ ತನಕ. ಭಾರತ ಈ ಒಪ್ಪಂದಕ್ಕೆ ಸೇರಿಲ್ಲ. ತಂದೆಯ ಪಾಸ್‌ಪೋರ್ಟಿನಲ್ಲಿಯೂ ತಾಯಿಯ ಪಾಸ್‌ಪೋರ್ಟಿನಲ್ಲಿಯೂ ಮಗುವಿನ ಹೆಸರಿದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ಮಗುವಿನೊಡನೆ ಹೊರಟುಬಿಡಬಹುದು. ಮಗುವಿಗೆ ಒಂದೇ ಪ್ರತ್ಯೇಕ ಪುಸ್ತಕವಿದ್ದು, ಅದನ್ನು ಕೊಡುವಾಗಲೇ ಇಬ್ಬರ ಒಪ್ಪಿಗೆ ಕೇಳಿದರೆ ಈ ಬಾಗಿಲು ಅರ್ಧ ಮುಚ್ಚಿದಂತೆ.

ಎರಡನೆಯದು, ಯಂತ್ರ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1980ರಲ್ಲಿ ಯಂತ್ರ ಓದಬಲ್ಲ ಪಾಸ್‌ಪೋರ್ಟಿನ ನಿಯಮಾವಳಿಯನ್ನು ಹೊರತಂದಿತು. ಪುಟದ ಕೆಳಗಿನ ಎರಡು ಸಾಲುಗಳ ಆ ಸಂಕೇತದಲ್ಲಿ ಒಬ್ಬರ ಹೆಸರಿಗೆ ಮಾತ್ರ ಸ್ಥಳ. ಸಂಸಾರವನ್ನೆಲ್ಲ ಅಲ್ಲಿ ತುರುಕಲು ಬಾರದು. 1998ರ ಅಕ್ಟೋಬರ್ 5ರಿಂದ ಬ್ರಿಟನ್ ಮಕ್ಕಳ ಹೆಸರನ್ನು ತಂದೆ ತಾಯಿಗಳ ಪಾಸ್‌ಪೋರ್ಟಿಗೆ ಹೊಸದಾಗಿ ಸೇರಿಸುವುದನ್ನು ನಿಲ್ಲಿಸಿತು. ಯೂರೋಪಿನ ಒಕ್ಕೂಟದಲ್ಲಿ 2012ರ ಜೂನ್ 26ರಿಂದ ಅಂಥ ಹಳೆಯ ನಮೂದುಗಳೂ ಬೆಲೆ ಕಳೆದುಕೊಂಡವು. 2015ರ ನವೆಂಬರ್ 24ರ ಹೊತ್ತಿಗೆ ಕೈಬರಹದ ಪಾಸ್‌ಪೋರ್ಟುಗಳು ಚಲಾವಣೆಯಿಂದ ಹೊರಗೆ ಹೋಗಬೇಕೆಂದು ವಿಮಾನಯಾನ ಸಂಸ್ಥೆ ಗಡುವು ಹಾಕಿತ್ತು. ನೂರು ವರ್ಷ ಬಾಳಿದ ಕುಟುಂಬ ಪಾಸ್‌ಪೋರ್ಟ್ ಹೀಗೆ ಚರಿತ್ರೆಯ ಪುಟ ಸೇರಿತು.

ವಿಹಾರ ನೌಕೆಯ ವಿಚಿತ್ರ

ಹಾಗಾದರೆ ಅಮೆರಿಕದ ಹಡಗು ವಿಹಾರದಲ್ಲಿ ಜನನ ಪ್ರಮಾಣಪತ್ರ ಇಂದಿಗೂ ಹೇಗೆ ನಡೆಯುತ್ತದೆ? ಇದಕ್ಕೂ ಒಂದು ಹಳೆಯ ಕಥೆಯಿದೆ. ಅಮೆರಿಕದಲ್ಲಿ 1886ರ ಪ್ರಯಾಣಿಕ ನೌಕಾ ಕಾಯಿದೆಯೊಂದು ಚಾಲ್ತಿಯಲ್ಲಿದೆ. ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ಸಾಗಿಸುವ ಹಕ್ಕು ಅಮೆರಿಕದ ಹಡಗುಗಳಿಗೆ ಮಾತ್ರ ಎಂಬುದು ಅದರ ಸಾರ. ದೊಡ್ಡ ವಿಹಾರ ನೌಕೆಗಳು ಬಹುತೇಕ ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟ ಹೊತ್ತವು. ಆದ್ದರಿಂದ ಅವು ನಡುವೆ ಒಂದಾದರೂ ವಿದೇಶಿ ಬಂದರನ್ನು ಮುಟ್ಟಲೇಬೇಕು. ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿಬರುವ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುವುದು ಇದೇ ಕಾರಣಕ್ಕೆ. ತನ್ನದೇ ದೇಶದ ಹಿಮಗುಡ್ಡ ನೋಡಲು ಹೊರಟವನೂ ಹೀಗೆ ಕಾನೂನಿನ ಕಣ್ಣಿಗೆ ವಿದೇಶ ಯಾತ್ರಿಯಾಗುತ್ತಾನೆ.

ಹಿಂದೆ ಇದು ಯಾರಿಗೂ ತಲೆನೋವಾಗಿರಲಿಲ್ಲ. ಕೆನಡಾ, ಮೆಕ್ಸಿಕೊ, ಕೆರಿಬಿಯನ್‌ಗಳಿಗೆ ಹೋಗಿ ಮರಳುವ ಅಮೆರಿಕನ್ನರಿಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಪರಿಸ್ಥಿತಿ ಬದಲಾಯಿತು. 2004ರಲ್ಲಿ ಸಂಸತ್ತು ಒಪ್ಪಿದ ಕಾಯಿದೆಯ ಪ್ರಕಾರ ವಿಮಾನ ಪ್ರಯಾಣಕ್ಕೆ 2007ರ ಜನವರಿ 23ರಿಂದ, ನೆಲ ಹಾಗೂ ಜಲ ಮಾರ್ಗಗಳಿಗೆ 2009ರ ಜೂನ್ 1ರಿಂದ ಪಾಸ್‌ಪೋರ್ಟ್ ಅಥವಾ ಅದಕ್ಕೆ ಸಮನಾದ ದಾಖಲೆ ಕಡ್ಡಾಯವಾಯಿತು. ಆದರೆ ಹೊರಟ ಬಂದರಿಗೇ ಮರಳುವ ವಿಹಾರ ನೌಕೆಗಳಿಗೆ ವಿನಾಯಿತಿ ಉಳಿಯಿತು. 16ರೊಳಗಿನವರಿಗೆ ಜನನ ಪ್ರಮಾಣಪತ್ರ, ಅದಕ್ಕೆ ಮೇಲ್ಪಟ್ಟವರಿಗೆ ಪ್ರಮಾಣಪತ್ರದ ಜೊತೆ ಸರ್ಕಾರಿ ಭಾವಚಿತ್ರ ಚೀಟಿ ಎಂಬ ಗೆರೆ ಬಿದ್ದದ್ದು ಆಗ.

ಅದೇ ಸಮಯದಲ್ಲಿ ಹೊಸ ದಾಖಲೆಯೊಂದೂ ಹುಟ್ಟಿತು: ಪಾಸ್‌ಪೋರ್ಟ್ ಕಾರ್ಡು. 2008ರಲ್ಲಿ ಚಾಲ್ತಿಗೆ ಬಂದ ಇದು ಬ್ಯಾಂಕಿನ ಕಾರ್ಡಿನಷ್ಟೇ ದೊಡ್ಡದು. ಗಡಿಯ ಊರುಗಳಲ್ಲಿ ದಿನವೂ ಆಚೀಚೆ ಓಡಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಒಳಗಿನ ಚಿಪ್ಪಿನಲ್ಲಿ ಒಂದು ಸಂಖ್ಯೆ ಮಾತ್ರ ಇರುತ್ತದೆ. ವಿವರಗಳೆಲ್ಲ ಸರ್ಕಾರದ ಕಂಪ್ಯೂಟರಿನಲ್ಲಿ. ಪುಸ್ತಕಕ್ಕಿಂತ ಬಹಳ ಅಗ್ಗ. ಕೆನಡಾ, ಮೆಕ್ಸಿಕೊ, ಬರ್ಮುಡಾ, ಕೆರಿಬಿಯನ್‌ಗಳಿಂದ ನೆಲ ಅಥವಾ ಜಲ ಮಾರ್ಗದಲ್ಲಿ ಮರಳಲು ಅದು ಸಾಕು. ವಿಮಾನದಲ್ಲಿ ವಿದೇಶ ಪ್ರಯಾಣಕ್ಕೆ ಮಾತ್ರ ನಡೆಯುವುದಿಲ್ಲ.

ಹೀಗೆ ಹದಿಹರೆಯದ ಮಕ್ಕಳಿರುವ ಮನೆಯವರ ಮುಂದೆ ಮೂರು ದಾರಿಗಳಿವೆ. ಜನನ ಪ್ರಮಾಣಪತ್ರ ಎಲ್ಲಕ್ಕಿಂತ ಅಗ್ಗ. ಆದರೆ ಅದು ನಾಗರಿಕ ನೋಂದಣಿ ಕಚೇರಿ ಕೊಟ್ಟದ್ದಾಗಿರಬೇಕು, ಹೆರಿಗೆ ಆಸ್ಪತ್ರೆಯವರು ನೆನಪಿಗಾಗಿ ಕೊಟ್ಟದ್ದಲ್ಲ. ಪೋರ್ಟೊರಿಕೊ ದ್ವೀಪದಲ್ಲಂತೂ ಪ್ರಮಾಣಪತ್ರಗಳ ಕಳ್ಳತನ ಮಿತಿಮೀರಿದ್ದರಿಂದ 2010ರ ಜುಲೈ 1ಕ್ಕೆ ಮುಂಚಿನವುಗಳನ್ನು ಕಾನೂನೇ ರದ್ದು ಮಾಡಿತು. 16, 17ರ ಮಕ್ಕಳಿಗೆ ಚಾಲನಾ ಪರವಾನಗಿ ಇಲ್ಲದಿದ್ದರೆ ಭಾವಚಿತ್ರದ ಚೀಟಿ ಎಲ್ಲಿಂದ ತರುವುದು ಎಂಬ ತೊಡಕು ಬೇರೆ. ಎರಡನೆಯದು ಪಾಸ್‌ಪೋರ್ಟ್ ಕಾರ್ಡು. ಪೌರತ್ವ, ಭಾವಚಿತ್ರ ಎರಡಕ್ಕೂ ಒಂದೇ ಉತ್ತರ. ಮೂರನೆಯದು ಪೂರ್ಣ ಪಾಸ್‌ಪೋರ್ಟ್ ಪುಸ್ತಕ. 2025ರ ಮೇ ತಿಂಗಳಿನಿಂದ ಅಮೆರಿಕದ ದೇಶೀಯ ವಿಮಾನಗಳಿಗೆ ಕೇಳತೊಡಗಿದ 'ರಿಯಲ್ ಐಡಿ' ಪರವಾನಗಿ ಇದಕ್ಕೆ ಬದಲಿಯಲ್ಲ. ಅದು ಪೌರತ್ವದ ಪುರಾವೆಯೇ ಅಲ್ಲ.

ವ್ಯತ್ಯಾಸ ತಿಳಿಯುವುದು ಎಲ್ಲವೂ ಸುಗಮವಾಗಿ ನಡೆದಾಗಲ್ಲ, ಎಡವಟ್ಟಾದಾಗ. ದ್ವೀಪವೊಂದರಲ್ಲಿ ಇಳಿದ ಹುಡುಗ ಕಾಲು ಮುರಿದುಕೊಂಡರೆ, ಅಥವಾ ಹಡಗು ತಪ್ಪಿದರೆ, ಮನೆಗೆ ಮರಳುವ ದಾರಿ ವಿಮಾನವೇ. ಆಗ ಜನನ ಪ್ರಮಾಣಪತ್ರವೂ ಕಾರ್ಡೂ ಕೆಲಸಕ್ಕೆ ಬಾರವು. ಅಮೆರಿಕದ ದೂತಾವಾಸದ ಬಾಗಿಲು ತಟ್ಟಬೇಕು. ವಿನಾಯಿತಿ ಇರುವುದು ಅಮೆರಿಕಕ್ಕೆ ಮರಳುವುದಕ್ಕೆ ಮಾತ್ರ. ನಡುವಿನ ದ್ವೀಪಗಳು ತಮ್ಮದೇ ನಿಯಮದಂತೆ ಪಾಸ್‌ಪೋರ್ಟ್ ಕೇಳಬಹುದು, ಹಡಗು ಕಂಪನಿಯೂ ಕೇಳಬಹುದು. ಗಡಿ ಇಲಾಖೆಯವರೇ ವಿನಾಯಿತಿಯನ್ನು ಹೇಳಿ, ಅದರ ಬೆನ್ನಿಗೇ ಪಾಸ್‌ಪೋರ್ಟ್ ಒಯ್ಯುವುದು ಲೇಸು ಎಂದು ಸೂಚಿಸುತ್ತಾರೆ.

ಹದಿನಾರರ ಗೆರೆ

ಗೆರೆ 16ಕ್ಕೇ ಏಕೆ? ಅಮೆರಿಕದಲ್ಲಿ 16ರೊಳಗಿನವರ ಪಾಸ್‌ಪೋರ್ಟ್ 5 ವರ್ಷ ಮಾತ್ರ ಬಾಳುತ್ತದೆ, ನಂತರದ್ದು 10 ವರ್ಷ. ಮುಖ ಬದಲಾಗುವ ವೇಗ ಆ ಹೊತ್ತಿಗೆ ತಗ್ಗುತ್ತದೆ ಎಂಬುದು ಒಂದು ಲೆಕ್ಕ. 16ರೊಳಗಿನವರ ಅರ್ಜಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. 2001ರಲ್ಲಿ 14ರೊಳಗಿನವರಿಗೆ ಬಂದ ಈ ನಿಯಮವನ್ನು 2008ರಲ್ಲಿ 16ಕ್ಕೆ ಏರಿಸಲಾಯಿತು. 16, 17ರವರು ತಾವೇ ಅರ್ಜಿ ಹಾಕಬಹುದು. ಮನೆಯವರಿಗೆ ವಿಷಯ ತಿಳಿದಿದೆ ಎಂಬುದಕ್ಕೆ ಗುರುತು ಕೊಟ್ಟರಾಯಿತು. ಒಪ್ಪಿಗೆ ಬೇರೆ, ತಿಳಿವಳಿಕೆ ಬೇರೆ. ಬಾಲ್ಯ ಮತ್ತು ಪ್ರಾಯದ ನಡುವಿನ ಸೇತುವೆಯನ್ನು ಕಾನೂನು ಈ ಎರಡು ಪದಗಳ ಅಂತರದಲ್ಲಿ ಕಟ್ಟಿದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಈ ಲೆಕ್ಕ ಇನ್ನಷ್ಟು ಸಿಕ್ಕಾಗುತ್ತದೆ. ಅಲ್ಲೇ ಹುಟ್ಟಿದ ಮಗಳು ಅಮೆರಿಕದ ಪ್ರಜೆ. ತಂದೆ ತಾಯಿಗಳ ಕೈಯಲ್ಲಿ ಭಾರತದ ಪಾಸ್‌ಪೋರ್ಟ್. ಊರಿನಿಂದ ಬಂದ ಅಜ್ಜಿ ಪ್ರವಾಸಿ ವೀಸಾದವರು. ಮಗಳಿಗಿರುವ ವಿನಾಯಿತಿ ಉಳಿದವರಿಗಿಲ್ಲ. ಅವರಿಗೆ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಅಥವಾ ಮರಳಿ ಒಳಬರಲು ನಡೆಯುವ ವೀಸಾ, ಜೊತೆಗೆ ಹಡಗು ಮುಟ್ಟುವ ದ್ವೀಪಗಳ ವೀಸಾ ನಿಯಮ, ಎಲ್ಲವನ್ನೂ ಬೇರೆ ಬೇರೆ ನೋಡಬೇಕು. ಮೊಮ್ಮಗಳನ್ನು ಅಜ್ಜಿ ತಾತ ಮಾತ್ರ ಕರೆದೊಯ್ಯುವುದಾದರೆ ತಂದೆ ತಾಯಿಗಳ ಒಪ್ಪಿಗೆ ಪತ್ರವನ್ನು ನೋಟರಿಯ ಮುದ್ರೆಯೊಡನೆ ಇಟ್ಟುಕೊಳ್ಳುವುದು ಜಾಣತನ. ಮಕ್ಕಳ ಅಪಹರಣದ ಭಯ ಹೆಚ್ಚಿರುವ ಕಾಲದಲ್ಲಿ, ಅಧಿಕಾರಿಗೆ ಅಜ್ಜಿಯ ಪ್ರೀತಿ ಮುಖದಲ್ಲಿ ಕಂಡರೆ ಸಾಲದು, ಕಾಗದದಲ್ಲೂ ಕಾಣಬೇಕು.

ನಮ್ಮ ಮನೆಯ ಲೆಕ್ಕ

ಭಾರತದಲ್ಲಿ 1920ರ ಕಾಯಿದೆ ಮುಖ್ಯವಾಗಿ ಒಳಬರುವವರನ್ನು ಕುರಿತದ್ದಾಗಿತ್ತು. ಹೊರಹೋಗುವವರಿಗೆ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. 1967ರ ಏಪ್ರಿಲಿನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ, ವಿದೇಶ ಪ್ರಯಾಣದ ಹಕ್ಕು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ಜೂನಿನಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂದಿತು.

ಈಗ ನಮ್ಮಲ್ಲಿ ಕೈಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್. ಅದು 5 ವರ್ಷ ಅಥವಾ 18 ತುಂಬುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. 15ರಿಂದ 18ರ ನಡುವಿನವರು ಬೇಕೆಂದರೆ 10 ವರ್ಷದ್ದನ್ನೇ ಕೇಳಬಹುದು. ಮಾಡಿಸುವ ತಾಪತ್ರಯವೂ ಹಿಂದಿನಷ್ಟಿಲ್ಲ. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪ್ರಯೋಗ 2017ರ ಜನವರಿಯಲ್ಲಿ ಆರಂಭವಾದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ಗಳಲ್ಲಿ. 2016ರ ಡಿಸೆಂಬರಿನ ಬದಲಾವಣೆಯಂತೆ ಅರ್ಜಿಯಲ್ಲಿ ತಂದೆ ಅಥವಾ ತಾಯಿ ಒಬ್ಬರ ಹೆಸರಿದ್ದರೂ ಸಾಕು. ಒಂಟಿಯಾಗಿ ಮಕ್ಕಳನ್ನು ಸಾಕುವ ತಾಯಂದಿರಿಗೆ ಇದರಿಂದ ಎಷ್ಟೋ ನಿರಾಳವಾಯಿತು.

ನಮ್ಮ ನಿಜವಾದ ಗೋಜಲು ಹೆಸರು ಮತ್ತು ಹುಟ್ಟಿದ ದಿನಾಂಕದ್ದು. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಶಿಯಲ್ಲಾಗಿ ಹೊತ್ತ ಕನ್ನಡದ ಹೆಸರು ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ಜನ್ಮದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಏರಿ, ಅಲ್ಲಿಂದ ಜೀವನಪೂರ್ತಿ ಅದೇ ಸತ್ಯವಾದ ಉದಾಹರಣೆಗಳು ಹಳೆಯ ತಲೆಮಾರಿನಲ್ಲಿ ಮನೆಗೊಂದು ಸಿಗುತ್ತವೆ. ಇನ್ನು ಮುಂದೆ ಹಾಗಾಗದು. 2023ರ ಅಕ್ಟೋಬರ್ 1 ಮತ್ತು ಅನಂತರ ಹುಟ್ಟಿದವರಿಗೆ ಪಾಸ್‌ಪೋರ್ಟಿನಲ್ಲಿ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ ಎಂದು 2025ರ ಫೆಬ್ರುವರಿಯಲ್ಲಿ ತಿದ್ದುಪಡಿಯಾಗಿದೆ.

ಅಮೆರಿಕದ ವಿನಾಯಿತಿಗಳಂಥವು ನಮ್ಮಲ್ಲೂ ಇವೆ. ನೇಪಾಳಕ್ಕೆ ಹೋಗುವ 15ರೊಳಗಿನ ಮಕ್ಕಳಿಗೆ ಪಾಸ್‌ಪೋರ್ಟ್ ಬೇಡ, ಭಾವಚಿತ್ರವಿರುವ ಗುರುತಿನ ದಾಖಲೆ ಸಾಕು. 15ರಿಂದ 18ರವರಿಗೆ ಶಾಲೆಯ ಮುಖ್ಯೋಪಾಧ್ಯಾಯರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರ ನಡೆಯುತ್ತದೆ. ಸರ್ಕಾರ ಹದಿಹರೆಯದವರನ್ನು ಅವರ ಮೇಷ್ಟ್ರ ಮಾತಿನ ಮೇಲೆ ನಂಬುವ ಅಪರೂಪದ ಪ್ರಸಂಗವಿದು. ಇದಕ್ಕೆ ವಿರುದ್ಧವಾದ ಉದಾಹರಣೆ ಲಕ್ಷದ್ವೀಪ. ಅಲ್ಲಿನ ಅಮಿನಿದಿವಿ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿಗೂ ದ್ವೀಪಗಳಿಗೂ ನಡುವೆ ಹಡಗಿನ ನಂಟು ಹಳೆಯದು. ಆದರೆ 1967ರ ನಿಯಮಗಳ ಪ್ರಕಾರ ದ್ವೀಪದವರಲ್ಲದ ಭಾರತೀಯರು ಅಲ್ಲಿಗೆ ಕಾಲಿಡಲು ಪರವಾನಗಿ ಪಡೆಯಬೇಕು. ದೇಶ ಒಂದೇ ಆದರೂ ರಹದಾರಿ ಬೇಕು.

ಕಾಗದದ ಆಚೆಗೆ

ಕೊನೆಗೆ ಯಾವುದನ್ನು ಆರಿಸಿಕೊಳ್ಳಬೇಕು? ಎರಡು ಮೂರು ದಿನದ ವಿಹಾರಕ್ಕೆ ಅಷ್ಟು ಖರ್ಚೇಕೆ ಎಂದು ಲೆಕ್ಕ ಹಾಕುವುದು ಸಹಜ. ಇಬ್ಬರು ಮೂವರು ಮಕ್ಕಳಿದ್ದರೆ ಹೊರೆ ಸಣ್ಣದೇನಲ್ಲ. ವಿನಾಯಿತಿಗಳನ್ನು ಬಳಸಿಕೊಳ್ಳುವುದರಲ್ಲಿ ತಪ್ಪೂ ಇಲ್ಲ. ಆದರೆ ವಿನಾಯಿತಿ ಎಂಬುದು ಸರ್ಕಾರದ ಔದಾರ್ಯ, ಬದಲಾಗಬಹುದು. ಪಾಸ್‌ಪೋರ್ಟ್ ಎಂಬುದು ಮಗುವಿನ ಹೆಸರಿನಲ್ಲೇ ಇರುವ ದಾಖಲೆ. ಅವಧಿ ಮುಗಿದರೂ ಅದನ್ನು ಎಸೆಯದೆ ಜೋಪಾನ ಮಾಡಿಡಬೇಕು ಎಂಬುದನ್ನು ಟಿಲ್‌ಬರಿ ಬಂದರಿನಲ್ಲಿ ಅಮ್ಮನ ಸೆರಗು ಹಿಡಿದು ಇಳಿದ ಮಕ್ಕಳ ಪಾಡು ಹೇಳುತ್ತದೆ. ಅವರಿಗೆ ಬೇಕಾಗಿದ್ದದ್ದು ಹೊಸ ಹಕ್ಕಲ್ಲ, ಇದ್ದ ಹಕ್ಕಿಗೊಂದು ಹಳೆಯ ಚೀಟಿ.

ಇನ್ನೊಂದು ಮಾತೂ ಉಂಟು. ಹದಿನಾರು ತುಂಬಿದ ಹುಡುಗಿ ಅರ್ಜಿಯ ಕೊನೆಯಲ್ಲಿ ತಾನೇ ಸಹಿ ಮಾಡುತ್ತಾಳೆ. ಅದುವರೆಗೆ ಅಪ್ಪನೋ ಅಮ್ಮನೋ ಅವಳ ಪರವಾಗಿ ಹಾಕುತ್ತಿದ್ದ ಸಹಿ ಅದು. ಹೆಸರಿನ ಕಾಗುಣಿತ ಸರಿಯಿದೆಯೇ, ದಿನಾಂಕ ಸರಿಯಿದೆಯೇ ಎಂದು ಅವಳೇ ಓದಿ ನೋಡಲಿ. ಬಂದರಿನಲ್ಲಿ ಪುಸ್ತಕ ಅವಳ ಕೈಯಲ್ಲೇ ಇರಲಿ. ಮುದ್ರಾಧ್ಯಕ್ಷನ ಕಾಲದಿಂದ ಇಂದಿನವರೆಗೂ ಗಡಿಯಲ್ಲಿ ಕೇಳುವ ಪ್ರಶ್ನೆ 'ನೀನು ಯಾರು' ಎಂಬುದೇ. ಅದಕ್ಕೆ ತನ್ನ ಹೆಸರಿನಲ್ಲಿ ಉತ್ತರ ಕೊಡುವುದನ್ನು ಮಕ್ಕಳು ಮನೆಯವರ ಜೊತೆಗಿರುವಾಗಲೇ ಕಲಿಯುವುದು ಒಳ್ಳೆಯದು.